ಕೊನೇ ಪೀರಿಯಡ್‌ನಲ್ಲಿ ಸಂವಿಧಾನ

ಕೋಲಾರದ ಕಡೆಯ ಯಾವುದಾದರೂ ಡಿಗ್ರಿ ಕಾಲೇಜಿನ ನೋಟಿಸ್ ಬೋರ್ಡ್ ಮುಂದೆ ನಿಂತು ಮೊದಲ ವರ್ಷದ ಟೈಮ್‌ಟೇಬಲ್ ಓದಿ ನೋಡಿ. ಬಿ.ಕಾಂ. ಆದರೆ ಬೆಳಗಿನ ಹೊತ್ತು ಅಕೌಂಟ್ಸ್, ಬಿ.ಎಸ್ಸಿ. ಆದರೆ ಗಣಿತ, ಭೌತಶಾಸ್ತ್ರ. ‘ಸಂವಿಧಾನ’, ‘ಪರಿಸರ ಅಧ್ಯಯನ’ ಎನ್ನುವ ಹೆಸರುಗಳು ಹೆಚ್ಚಾಗಿ ಸಿಗುವುದು ಊಟ ಆದ ಮೇಲಿನ ಕೊನೇ ಪೀರಿಯಡ್‌ನಲ್ಲಿ, ಅದೂ ವಾರದ ಕೊನೆಗೆ. ಶ್ರೀನಿವಾಸಪುರದ ಕಡೆಗೋ ಮುಳಬಾಗಿಲಿನ ಕಡೆಗೋ ಹಳ್ಳಿ ಬಸ್ಸು ಹಿಡಿಯಬೇಕಾದವರು ಆ ಹೊತ್ತಿಗೆ ಬ್ಯಾಗು ಹೆಗಲಿಗೆ ಹಾಕಿಕೊಂಡು ಹಾಜರಿ ಕೂಗುವುದನ್ನೇ ಕಾಯುತ್ತಿರುತ್ತಾರೆ. ಆ ಪೀರಿಯಡ್ ಎಷ್ಟು ಮುಖ್ಯ ಅಂತ ಕಾಲೇಜೇ ಟೈಮ್‌ಟೇಬಲ್‌ನಲ್ಲಿ ಬರೆದು ಹಾಕಿದ ಮೇಲೆ ಮಕ್ಕಳನ್ನು ದೂರುವುದರಲ್ಲಿ ಅರ್ಥವಿಲ್ಲ.

ಹಾಗಾದರೆ ಈ ಪಾಠಗಳನ್ನು ಕಡ್ಡಾಯ ಮಾಡುವುದು ಸರಿಯೇ? ಅಕೌಂಟ್ಸ್ ಓದಲು ಬಂದವನಿಗೆ ಕೆರೆಯ ಪಾಠ ಯಾಕೆ, ಕಂಪ್ಯೂಟರ್ ಸೈನ್ಸ್‌ಗೆ ಬಂದವಳಿಗೆ ಮೂಲಭೂತ ಹಕ್ಕು ಯಾಕೆ? ಮನೆಯವರೂ ಕೇಳುತ್ತಾರೆ, ಮಕ್ಕಳೂ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ನನ್ನ ಉತ್ತರ: ಕಡ್ಡಾಯ ಇರಲೇಬೇಕು, ಆದರೆ ಈಗ ಇರುವ ಹಾಗಲ್ಲ. ಮಾಡಿ ಕಲಿಯುವಂಥದ್ದನ್ನು ಮಾತ್ರ ಕಡ್ಡಾಯ ಮಾಡಬೇಕು. ಬಾಯಿಪಾಠ ಮಾಡಿ ಪಾಸಾಗಬಹುದಾದ ಪೇಪರನ್ನು ಕಡ್ಡಾಯ ಮಾಡುವ ಹಕ್ಕು ಯಾವ ವಿಶ್ವವಿದ್ಯಾಲಯಕ್ಕೂ ಇಲ್ಲ, ಯಾಕೆಂದರೆ ಅದರಿಂದ ಆಗುವುದು ಹುಡುಗರ ಸಮಯದ ನಷ್ಟ ಒಂದೇ.

ಮೊದಲು ಈ ಪದ್ಧತಿ ಎಲ್ಲಿಂದ ಬಂತು ಅನ್ನುವುದನ್ನು ಸ್ವಲ್ಪ ನೋಡೋಣ. ಅಮೆರಿಕದಲ್ಲಿ ಪದವಿಗೆ ಸಾಮಾನ್ಯವಾಗಿ 120 ಕ್ರೆಡಿಟ್ (ಪಾಠದ ಹೊರೆಯ ಅಳತೆ), ಅದರಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಸಾಮಾನ್ಯ ಶಿಕ್ಷಣಕ್ಕೆ. ಎಂಜಿನಿಯರಿಂಗ್ ಹುಡುಗನೂ ಇತಿಹಾಸ ಓದುತ್ತಾನೆ, ಇತಿಹಾಸದವಳೂ ಒಂದು ವಿಜ್ಞಾನ, ಒಂದು ಗಣಿತ ತೆಗೆದುಕೊಳ್ಳುತ್ತಾಳೆ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯ 1919ರಲ್ಲೇ ಎಲ್ಲರಿಗೂ ಒಂದೇ ಕೋರ್ಸ್ ಕಡ್ಡಾಯ ಮಾಡಿತು. 1969ರಲ್ಲಿ ಬ್ರೌನ್ ವಿಶ್ವವಿದ್ಯಾಲಯ ಅಂಥ ಕಡ್ಡಾಯಗಳನ್ನೆಲ್ಲ ತೆಗೆದುಹಾಕಿ, ವಿದ್ಯಾರ್ಥಿಗಳೇ ಆರಿಸಿಕೊಳ್ಳಲಿ ಎಂದಿತು. ಎರಡೂ ಇವತ್ತಿಗೂ ನಡೆಯುತ್ತಿವೆ. ಅಂದರೆ ಅಲ್ಲೂ ಇದು ಮುಗಿದ ಚರ್ಚೆಯಲ್ಲ.

ನಮ್ಮದು ಬೇರೆ ದಾರಿ. 1857ರಲ್ಲಿ ಕಲ್ಕತ್ತಾ, ಬೊಂಬಾಯಿ, ಮದ್ರಾಸು ವಿಶ್ವವಿದ್ಯಾಲಯಗಳು ಶುರುವಾದದ್ದು ಲಂಡನ್ ವಿಶ್ವವಿದ್ಯಾಲಯದ ಅಚ್ಚಿನಲ್ಲಿ. ವಿಷಯ ಹಿಡಿ, ಅದನ್ನೇ ಓದು, ಕೊನೆಗೆ ಪರೀಕ್ಷೆ ಬರೆ. ಸ್ವಾತಂತ್ರ್ಯ ಬಂದ ಮೇಲೆ, 1948–49ರ ರಾಧಾಕೃಷ್ಣನ್ ಆಯೋಗ ಎಲ್ಲ ಪದವಿಗಳಲ್ಲೂ ಸಾಮಾನ್ಯ ಶಿಕ್ಷಣ ಇರಬೇಕು ಎಂದು ವಿವರವಾಗಿ ಬರೆಯಿತು. ಅದು ಬಹುಮಟ್ಟಿಗೆ ಕಾಗದದಲ್ಲೇ ಉಳಿಯಿತು. ಪರಿಸರದ ಪಾಠ ಬಂದದ್ದು ಕೋರ್ಟಿನಿಂದ: ವಕೀಲ ಎಂ.ಸಿ. ಮೆಹ್ತಾ ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1991ರಲ್ಲಿ ಕೊಟ್ಟ ನಿರ್ದೇಶನ, ಅದರ ಬೆನ್ನಿಗೆ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಮಾಡಿದ ಆರು ತಿಂಗಳ ಪಠ್ಯ. ಕರ್ನಾಟಕದಲ್ಲಿ 2021ರಲ್ಲಿ ಹೊಸ ಶಿಕ್ಷಣ ನೀತಿಯ ಹೆಸರಿನಲ್ಲಿ ಓಪನ್ ಎಲೆಕ್ಟಿವ್ (ಬೇರೆ ವಿಭಾಗದಿಂದ ಆರಿಸಿಕೊಳ್ಳುವ ವಿಷಯ), ಡಿಜಿಟಲ್ ಫ್ಲೂಯೆನ್ಸಿ, ಯೋಗ, ಆರೋಗ್ಯ ಎಲ್ಲ ಒಟ್ಟಿಗೆ ಬಂದವು. 2024–25ರಿಂದ ರಾಜ್ಯ ಆ ನೀತಿಯನ್ನು ಬಿಟ್ಟು ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಮೂರು ವರ್ಷದೊಳಗೆ ಎರಡು ಸಲ ಸಿಲಬಸ್ ಬದಲಾದಾಗ ಪಾಠ ಮಾಡುವವರಿಗೆ ಒಂದು ಪೇಪರನ್ನು ಪಳಗಿಸಿಕೊಳ್ಳುವ ಪುರುಸೊತ್ತೇ ಸಿಗಲಿಲ್ಲ. ಯಾವುದೇ ಪೇಪರ್ ಹದಕ್ಕೆ ಬರಲು ಅದೇ ಮೇಷ್ಟ್ರು ಅದನ್ನು ಮೂರು ನಾಲ್ಕು ಸಲವಾದರೂ ಪಾಠ ಮಾಡಬೇಕು.

ಅಮೆರಿಕದ ವಾದವನ್ನು ಇಲ್ಲಿಗೆ ಹಾಗೇ ತರಲು ಬರುವುದಿಲ್ಲ. ಅಲ್ಲಿ ಹದಿನೆಂಟಕ್ಕೆ ಕಾಲೇಜು ಸೇರುವವರಲ್ಲಿ ಅನೇಕರು ಇನ್ನೂ ವಿಷಯ ಆರಿಸಿಕೊಂಡಿರುವುದಿಲ್ಲ. ನಮ್ಮಲ್ಲಿ ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ವಾರದಲ್ಲೇ ಬಾಗಿಲು ಮುಚ್ಚುತ್ತದೆ. ಪಿಯುಸಿಗೆ ಪಿಸಿಎಂಬಿ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ) ತೆಗೆದುಕೊಂಡವಳು ಇತಿಹಾಸ, ಪೌರನೀತಿಯನ್ನು ಕೊನೆಯ ಸಲ ಓದಿರುವುದು ಹತ್ತನೇ ಕ್ಲಾಸಿನಲ್ಲಿ. ಎಚ್‌ಇಪಿಎಸ್ (ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ) ತೆಗೆದುಕೊಂಡವನು ಅಲ್ಲಿಂದಾಚೆಗೆ ಗಣಿತವನ್ನು ಒಂದು ವಿಷಯವಾಗಿ ಓದಿರುವುದಿಲ್ಲ. ಅದೂ ಹೆಚ್ಚಿನ ಮನೆಗಳಲ್ಲಿ ಈ ಆಯ್ಕೆ ಆಗುವುದು ಆಸಕ್ತಿಯಿಂದಲ್ಲ. ಮಾರ್ಕ್ಸ್ ಎಷ್ಟು ಬಂತು, ಹತ್ತಿರದ ಕಾಲೇಜಿನಲ್ಲಿ ಯಾವ ಕಾಂಬಿನೇಷನ್ ಇದೆ, ಹೆಣ್ಣುಮಗಳನ್ನು ಬಸ್ಸಿನಲ್ಲಿ ಎಷ್ಟು ದೂರ ಕಳಿಸುತ್ತಾರೆ ಅನ್ನುವುದರ ಮೇಲೆ. ಹದಿನಾರನೇ ವಯಸ್ಸಿನಲ್ಲಿ ಇನ್ಯಾರೋ ಮುಚ್ಚಿದ ಬಾಗಿಲನ್ನು ಡಿಗ್ರಿಯಲ್ಲಿ ಒಮ್ಮೆಯಾದರೂ ತೆಗೆಯಬೇಕಲ್ಲ? ನನ್ನ ಮಟ್ಟಿಗೆ ಕಡ್ಡಾಯ ಪಾಠದ ಪರವಾಗಿರುವ ಅತಿ ದೊಡ್ಡ ಕಾರಣ ಇದೇ. ಐಚ್ಛಿಕ ಅಂತ ಬಿಟ್ಟರೆ ಗಣಿತಕ್ಕೆ ಹೆದರಿ ಬಂದವರು ಗಣಿತವನ್ನು ಆರಿಸಿಕೊಳ್ಳುವುದಿಲ್ಲ. ಅದರ ಅಗತ್ಯ ಇರುವವರೇ ಅದರಿಂದ ದೂರ ಉಳಿಯುತ್ತಾರೆ.

ಈ ನೆಲದಲ್ಲಿ ಇದಕ್ಕೆ ಹಳೆಯ ಬೇರುಗಳೂ ಇವೆ. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಮೊದಲು ಬಿ.ಎ. ಮುಗಿಸಿ, ಆಮೇಲೆ ಪುಣೆಗೆ ಹೋಗಿ ಎಂಜಿನಿಯರಿಂಗ್ ಓದಿದವರು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ ಬಂದ ಎಚ್. ನರಸಿಂಹಯ್ಯನವರು ಭೌತಶಾಸ್ತ್ರದ ಮೇಷ್ಟ್ರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳ ತನಿಖೆಗೆ ಒಂದು ಸಮಿತಿಯನ್ನೇ ಮಾಡಿದರು. ಅದೇ ವರ್ಷ 42ನೇ ತಿದ್ದುಪಡಿಯಿಂದ ಸಂವಿಧಾನಕ್ಕೆ 51ಎ ವಿಧಿ ಸೇರಿ, ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು ಪ್ರತಿ ನಾಗರಿಕನ ಕರ್ತವ್ಯಗಳಲ್ಲಿ ಒಂದಾಯಿತು. ಇವತ್ತಿನ ಸಂವಿಧಾನ ಪೇಪರಿನಲ್ಲಿ ಈ ವಿಷಯ ಹೇಗೆ ಬರುತ್ತದೆ ಗೊತ್ತೇ? ‘ಮೂಲಭೂತ ಕರ್ತವ್ಯಗಳನ್ನು ಯಾವ ತಿದ್ದುಪಡಿಯ ಮೂಲಕ ಸೇರಿಸಲಾಯಿತು?’ ನಾಲ್ಕು ಆಯ್ಕೆ, ಒಂದಕ್ಕೆ ಗುರುತು. ಗುರುತು ಹಾಕಿ ಹೊರಗೆ ಬಂದವನು ವಾಟ್ಸ್ಆ್ಯಪ್‌ನಲ್ಲಿ ಬಂದ ಮನೆಮದ್ದನ್ನು ಹಾಗೇ ಮುಂದಕ್ಕೆ ಕಳಿಸುತ್ತಾನೆ. ಕರ್ತವ್ಯ ಗೊತ್ತು, ಅದನ್ನು ಮಾಡುವುದು ಹೇಗೆ ಅಂತ ಯಾರೂ ಹೇಳಿಕೊಟ್ಟಿಲ್ಲ.

ಯಾವ ಪಾಠ ಕಡ್ಡಾಯ ಆಗಲು ಯೋಗ್ಯ ಅನ್ನುವುದಕ್ಕೆ ಒಂದು ಉದಾಹರಣೆಯನ್ನು ಪೂರ್ತಿ ಬಿಡಿಸಿ ಇಡುತ್ತೇನೆ. ಬಡ್ಡಿ ಲೆಕ್ಕ.

ಕೋಲಾರ, ಚಿಕ್ಕಬಳ್ಳಾಪುರದ ಹಳ್ಳಿಗಳಲ್ಲಿ ಸಂಘದ ಸಾಲ, ಕೈಸಾಲ, ಚೀಟಿ ಮುಟ್ಟದ ಮನೆ ಕಡಿಮೆ. ‘ನೂರಕ್ಕೆ ಎರಡು ರೂಪಾಯಿ’ ಅಂದರೆ ತಿಂಗಳಿಗೆ ಎರಡು, ವರ್ಷಕ್ಕೆ 24 ಅನ್ನುವುದು ಎಲ್ಲರಿಗೂ ಬಾಯಲ್ಲೇ ಬರುತ್ತದೆ. ಸಿಕ್ಕಿಹಾಕಿಕೊಳ್ಳುವುದು ಕಂತಿನ ಸಾಲದಲ್ಲಿ. 10,000 ರೂಪಾಯಿ ಸಾಲ, ‘ವರ್ಷಕ್ಕೆ ಶೇ. 12 ಫ್ಲಾಟ್’, ಹನ್ನೆರಡು ಕಂತು. ಬಡ್ಡಿ 1,200. ಒಟ್ಟು 11,200, ತಿಂಗಳಿಗೆ ಸುಮಾರು 933. ಕೇಳಲು ಕೈಸಾಲದ ಅರ್ಧ. ಆದರೆ ಮೊದಲ ತಿಂಗಳಿಂದಲೇ ಅಸಲು ಕರಗುತ್ತಾ ಹೋಗುತ್ತದೆ. ಆರು ಕಂತು ಕಟ್ಟುವಷ್ಟರಲ್ಲಿ ಅರ್ಧ ಅಸಲು ವಾಪಸ್ ಹೋಗಿರುತ್ತದೆ, ಬಡ್ಡಿ ಮಾತ್ರ ಪೂರ್ತಿ ಹತ್ತು ಸಾವಿರದ ಮೇಲೇ ನಡೆಯುತ್ತಿರುತ್ತದೆ. ವರ್ಷವಿಡೀ ನಿಮ್ಮ ಕೈಯಲ್ಲಿ ನಿಜವಾಗಿ ಇದ್ದ ಹಣದ ಸರಾಸರಿ ಸುಮಾರು 5,400. ಅಷ್ಟಕ್ಕೆ 1,200 ಬಡ್ಡಿ ಅಂದರೆ ಶೇ. 22ರ ಹತ್ತಿರ. ಇಳಿಕೆ ಬಾಕಿಯ ಮೇಲೆ ಸರಿಯಾಗಿ ಲೆಕ್ಕ ಹಾಕಿದರೆ ಶೇ. 21.5. ಮುಂಗಡವಾಗಿ ಹಿಡಿದುಕೊಂಡ ಪ್ರೊಸೆಸಿಂಗ್ ಫೀ, ವಿಮೆ ಸೇರಿದರೆ ಇನ್ನೂ ಮೇಲೆ.

ಇದನ್ನು ಬೋರ್ಡಿನ ಮೇಲೆ ಹನ್ನೆರಡು ಸಾಲು ಬರೆದು ಮಾಡಿಸಬೇಕು. ಮೊದಲ ಕಾಲಂ ಬಾಕಿ, ಎರಡನೆಯದು ಆ ತಿಂಗಳ ಅಸಲು, ಮೂರನೆಯದು ಬಡ್ಡಿ. ಫಾರ್ಮುಲಾ ಕೊಡಬಾರದು. ಕೊಟ್ಟ ಕೂಡಲೇ ಅದು ಬಾಯಿಪಾಠದ ಸರಕಾಗುತ್ತದೆ. ಇಡೀ ಲೆಕ್ಕಕ್ಕೆ ಒಂದು ಪೀರಿಯಡ್ ಸಾಕು, ಫೋನಿನ ಕ್ಯಾಲ್ಕುಲೇಟರ್ ಸಾಕು. ಮುಂದಿನ ಪೀರಿಯಡ್‌ಗೆ ಕಾನೂನು: ರಿಸರ್ವ್ ಬ್ಯಾಂಕಿನ 2022ರ ನಿಯಮದ ಪ್ರಕಾರ ವರ್ಷಕ್ಕೆ 3 ಲಕ್ಷದವರೆಗೆ ಆದಾಯ ಇರುವ ಮನೆಗೆ ಅಡಮಾನವಿಲ್ಲದೆ ಕೊಡುವ ಸಾಲ ಮೈಕ್ರೋಫೈನಾನ್ಸ್ ಸಾಲ. ಮನೆಯ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದು. ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ ವಾರ್ಷಿಕ ಬಡ್ಡಿದರ ಬರೆದ ಫ್ಯಾಕ್ಟ್‌ಶೀಟ್ ಕೊಡಬೇಕು. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿಗೆ ಬರುವಂತಿಲ್ಲ. ಕಿರುಕುಳದ ವಸೂಲಿ ತಡೆಯಲು ರಾಜ್ಯ ಸರ್ಕಾರ 2025ರಲ್ಲಿ ಪ್ರತ್ಯೇಕ ಕಾನೂನನ್ನೇ ತಂದಿದೆ. ಬಿ.ಎ. ಓದುವ ಹುಡುಗಿಯೊಬ್ಬಳು ಮನೆಗೆ ಹೋಗಿ ಅಮ್ಮನ ಸಂಘದ ಪಾಸ್‌ಬುಕ್ ತೆಗೆದು ಕೂತಳು ಅಂದರೆ ಆ ಎರಡು ಪೀರಿಯಡ್ ಸಾರ್ಥಕ.

ಇದೇ ಜಾತಿಯ ಇನ್ನೊಂದು ಲೆಕ್ಕ ಟೊಮೆಟೊದ್ದು. 15 ಕೆ.ಜಿ. ಬಾಕ್ಸಿನ ಬೆಲೆ ಒಂದು ವಾರ 150, 160, 150, 170, 160, 150, ಕೊನೇ ದಿನ 900 ಅಂತ ಇಟ್ಟುಕೊಳ್ಳಿ. ಸರಾಸರಿ ಸುಮಾರು 263. ಆ ಬೆಲೆಗೆ ಒಂದು ದಿನವೂ ಒಂದು ಬಾಕ್ಸೂ ಹೋಗಿಲ್ಲ. ಸಾಲಾಗಿ ಜೋಡಿಸಿ ನಡುವಿನದನ್ನು ತೆಗೆದರೆ 160. ಯಾವ ದಿನ ಎಷ್ಟು ಬಾಕ್ಸ್ ಮಾರಿದ್ದು ಅನ್ನುವುದನ್ನೂ ಸೇರಿಸಿದರೆ ಮತ್ತೊಂದು ಅಂಕಿ. ಮೂರರಲ್ಲಿ ಯಾವುದು ನಿಜ ಅಂತ ಕೇಳಿದರೆ ಕ್ಲಾಸು ತಾನಾಗಿ ಮಾತಿಗೆ ಬರುತ್ತದೆ, ಯಾಕೆಂದರೆ ಅಲ್ಲಿ ಕೂತಿರುವವರಲ್ಲಿ ಅನೇಕರು ಆ ಬಾಕ್ಸುಗಳನ್ನು ಗಾಡಿಗೆ ಹತ್ತಿಸಿಯೇ ಬಂದವರು.

ಇನ್ನು ಈಗಿನ ಪೇಪರುಗಳು ಕೆಡುವುದು ಎಲ್ಲಿ? ಸಿಲಬಸ್‌ನಲ್ಲಂತೂ ಅಲ್ಲ. ಯುಜಿಸಿ ಮೊದಲು ಮಾಡಿದ ಪರಿಸರ ಪಠ್ಯವನ್ನೇ ತೆಗೆದುಕೊಳ್ಳಿ: ಅದರಲ್ಲಿ ಎಂಟು ಘಟಕ, 50 ತರಗತಿ ಇದ್ದವು, 100 ಅಂಕದಲ್ಲಿ 25 ಕ್ಷೇತ್ರಕಾರ್ಯಕ್ಕೆ. ಬರೆದವರು ಹೊರಗೆ ಹೋಗಿ ನೋಡಿ ಅಂತಲೇ ಬರೆದಿದ್ದರು. ಕೆಡುವುದು ವರ್ಕ್‌ಲೋಡ್ ಹಂಚುವ ದಿನ. ತಮ್ಮ ವಿಷಯದ ಗಂಟೆಗಳು ಯಾರಿಗೆ ಕಡಿಮೆ ಬಿದ್ದಿವೆಯೋ ಅವರ ಲೆಕ್ಕ ತುಂಬಿಸಲು ಈ ಪೇಪರ್ ಕೊಡುತ್ತಾರೆ. ಹೋದ ಸೆಮಿಸ್ಟರ್ ಹಿಂದಿ ಮೇಡಂ, ಈ ಸೆಮಿಸ್ಟರ್ ರಸಾಯನಶಾಸ್ತ್ರದ ಅತಿಥಿ ಉಪನ್ಯಾಸಕರು. ಇಬ್ಬರಿಗೂ ತಯಾರಿಗೆ ಸಮಯವಿಲ್ಲ, ಮುಂದಿನ ವರ್ಷ ತಮಗೇ ಬರುತ್ತದೆ ಅನ್ನುವ ಖಾತ್ರಿಯೂ ಇಲ್ಲ. ಅದರ ಮೇಲೆ ಎರಡು ಮೂರು ಸೆಕ್ಷನ್ ಕ್ಲಬ್ ಮಾಡಿ ನೂರಿಪ್ಪತ್ತು ಜನರನ್ನು ಒಂದು ಹಾಲ್‌ನಲ್ಲಿ ಕೂರಿಸುತ್ತಾರೆ. ಅಷ್ಟು ಜನರಿಗೆ ಡಿಕ್ಟೇಷನ್ ಕೊಡುವುದನ್ನು ಬಿಟ್ಟರೆ ಮತ್ತೇನೂ ಸಾಧ್ಯವಿಲ್ಲ.

ಅಲ್ಲಿಂದ ಮುಂದಿನದು ಕಾಲೇಜಿನ ಎದುರಿನ ಝೆರಾಕ್ಸ್ ಅಂಗಡಿಯ ಕೆಲಸ. ‘ಇಂಪಾರ್ಟೆಂಟ್ ಕ್ವೆಶ್ಚನ್ಸ್’ ಕಟ್ಟು ಸಿಗುತ್ತದೆ. ಹಿಂದಿನ ಬ್ಯಾಚಿನ ಪ್ರಾಜೆಕ್ಟ್ ರೆಕಾರ್ಡೂ ಸಿಗುತ್ತದೆ, ಹೆಸರು, ರಿಜಿಸ್ಟರ್ ನಂಬರ್ ಇರುವ ಮೊದಲ ಹಾಳೆ ಬದಲಿಸಿದರೆ ಆಯಿತು. ‘ಜಾಗತಿಕ ತಾಪಮಾನ ಏರಿಕೆ’ ಅಂತ ಮೇಲೆ ಸ್ಕೆಚ್ ಪೆನ್ನಲ್ಲಿ ಬರೆದಿರುತ್ತದೆ, ಒಳಗೆ ಇಂಟರ್ನೆಟ್ಟಿನ ಹಿಮಕರಡಿ. ಕೋಲಾರದ ಒಂದು ಬೋರ್‌ವೆಲ್ಲಿನ ಚಿತ್ರ ಇರುವುದಿಲ್ಲ. ಇದನ್ನು ಹುಡುಗರ ಸೋಮಾರಿತನ ಅನ್ನಲು ನನಗೆ ಮನಸ್ಸಿಲ್ಲ. ಎಲ್ಲಿ ಬೇಕಾದರೂ ಬರೆಯಬಹುದಾದ ವಿಷಯ ಕೊಟ್ಟರೆ ಎಲ್ಲಿಂದ ಬೇಕಾದರೂ ನಕಲು ಬರುತ್ತದೆ. ವಿಷಯದಲ್ಲೇ ಊರಿನ ಹೆಸರು, ಸರ್ವೆ ನಂಬರು, ತಾರೀಖು ಇರುವ ಹಾಗೆ ಪ್ರಶ್ನೆ ಕೇಳಿದರೆ ಅಂಗಡಿಯಲ್ಲಿ ಉತ್ತರ ಸಿಗುವುದಿಲ್ಲ.

ಅಂಥ ಒಂದು ಕ್ಲಾಸನ್ನು ನಡೆಸುವುದು ಹೇಗೆ ಅನ್ನುವುದನ್ನೂ ಹೇಳಬೇಕು. ಇಲ್ಲದಿದ್ದರೆ ಇದೂ ಬರೀ ದೂರಾಗುತ್ತದೆ. ಪರಿಸರ ಪೇಪರಿಗೆ ವಾರಕ್ಕೆ ಎರಡು ಗಂಟೆ, ಹದಿನೈದು ವಾರ, ಒಟ್ಟು ಮೂವತ್ತು ಗಂಟೆ ಅಂತ ಇಟ್ಟುಕೊಳ್ಳಿ. ಅರವತ್ತು ಜನರ ಕ್ಲಾಸು, ಆರಾರು ಜನರ ಹತ್ತು ಗುಂಪು. ಪ್ರತಿ ಗುಂಪಿನಲ್ಲೂ ಒಬ್ಬರಾದರೂ ಆ ಕೆರೆಯ ಊರಿನವರಿರಬೇಕು. ಒಂದು ಗುಂಪಿಗೆ ಒಂದು ಕೆರೆ.

ಮೊದಲ ಎರಡು ವಾರ ಕ್ಲಾಸಿನಲ್ಲೇ ನಕ್ಷೆ. ಗ್ರಾಮ ನಕ್ಷೆಯಲ್ಲಿ ಕೆರೆಯ ಸರ್ವೆ ನಂಬರು ಹುಡುಕುವುದು, ಪಹಣಿಯಲ್ಲಿ ವಿಸ್ತೀರ್ಣ ನೋಡುವುದು, ‘ಬಿ ಖರಾಬು’ (ಸಾರ್ವಜನಿಕ ಬಳಕೆಗೆ ಬಿಟ್ಟ, ಸಾಗುವಳಿಗೆ ಸಿಗದ ಜಮೀನು) ಅಂದರೆ ಏನು ಅಂತ ತಿಳಿಯುವುದು. ಫೋನಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡರೆ ನಿಂತ ಜಾಗದ ಸರ್ವೆ ನಂಬರು ತೋರಿಸುತ್ತದೆ. ಆದರೆ ಅದನ್ನೇ ಗಡಿಗೆ ಸಾಕ್ಷಿ ಅಂದುಕೊಳ್ಳಬಾರದು. ಜಿಪಿಎಸ್ ಕೆಲವು ಮೀಟರ್ ಆಚೀಚೆ ಇರುತ್ತದೆ, ಒತ್ತುವರಿ ಅಂತ ಯಾರ ಮೇಲಾದರೂ ಬೆರಳು ತೋರಿಸಲು ಸರ್ವೆಯರ್ ಅಳತೆಯೇ ಬೇಕು. ಇದನ್ನು ಮೊದಲೇ ಹೇಳದಿದ್ದರೆ ಹುಡುಗರು ಊರಲ್ಲಿ ಜಗಳಕ್ಕೆ ನಿಲ್ಲುತ್ತಾರೆ.

ಮೂರನೇ ವಾರ ಶನಿವಾರ ಬೆಳಿಗ್ಗೆ ಕೆರೆಗೆ. ಸಂಜೆ ಹೊರಡಬೇಡಿ, ಹೆಣ್ಣುಮಕ್ಕಳ ಮನೆಯವರಿಗೆ ಆತಂಕ, ವಾಪಸ್ ಬಸ್ಸೂ ಸಿಗುವುದಿಲ್ಲ. ನೀರಿಗೆ ಯಾರೂ ಇಳಿಯಬಾರದು, ಕಾಲು ತೊಳೆಯಲೂ ಕೂಡದು. ಮಣ್ಣು ತೆಗೆದ ಗುಂಡಿಗಳು ಮೇಲಿಂದ ಕಾಣುವುದಿಲ್ಲ, ತೂಬಿನ (ಗದ್ದೆಗೆ ನೀರು ಬಿಡುವ ಬಾಗಿಲಿನ) ಸುತ್ತ ಹೂಳು ಸೊಂಟದವರೆಗೂ ಇರಬಹುದು. ಏರಿಯ ಮೇಲೆ ನಡೆದು ಉದ್ದ ಹೆಜ್ಜೆಯಲ್ಲಿ ಅಳೆಯಬೇಕು. ಮೊದಲು ಹತ್ತು ಮೀಟರ್ ಟೇಪ್ ಹಿಡಿದು ತನ್ನ ಹೆಜ್ಜೆ ಎಷ್ಟು ಅಂತ ಗೊತ್ತು ಮಾಡಿಕೊಂಡರೆ ಸಾಕು. ತೂಬು ಎಲ್ಲಿದೆ, ಗೇಟು ತಿರುಗುತ್ತದೆಯೇ, ಕೋಡಿ (ಕೆರೆ ತುಂಬಿದಾಗ ನೀರು ಹೊರಹೋಗುವ ಜಾಗ) ಯಾವ ದಿಕ್ಕಿಗೆ, ಕೋಡಿ ಬಿದ್ದರೆ ನೀರು ಮುಂದಿನ ಯಾವ ಕೆರೆಗೆ ಹೋಗುತ್ತದೆ, ರಾಜಕಾಲುವೆ ಎಲ್ಲಿ ಕಟ್ಟಾಗಿದೆ. ಊರಿನಲ್ಲಿ ಕೆರೆ ನೀರು ಹಂಚುವ ನೀರುಗಂಟಿ ಮನೆತನದವರು ಇನ್ನೂ ಇದ್ದರೆ ಅವರ ಜೊತೆ ಒಂದು ಗಂಟೆ ಕೂತು ಮಾತಾಡುವುದು ಮೂರು ಪೀರಿಯಡ್‌ಗೆ ಸಮ. ತೂಬು ಎತ್ತುವ ದಿನ, ನೀರು ಬಿಡುವ ಸರದಿ, ಕೊನೇ ಗದ್ದೆಗೆ ಪಾಲು ಎಷ್ಟು ಅನ್ನುವುದೆಲ್ಲ ಅವರ ಹತ್ತಿರ ಇರುವ ವಿದ್ಯೆ. ಮುಳಬಾಗಿಲು, ಬಾಗೇಪಲ್ಲಿ ಕಡೆಯ ಗುಂಪುಗಳಲ್ಲಿ ಈ ಮಾತುಕತೆ ತೆಲುಗಿನಲ್ಲೇ ನಡೆಯಲಿ, ವರದಿ ಕನ್ನಡದಲ್ಲಿ ಬರಲಿ. ಕನ್ನಡ ಪೇಪರಿನವರು ಇದನ್ನೇ ಬರವಣಿಗೆಯ ಅಭ್ಯಾಸ ಅಂತ ಹಿಡಿದು ಇಂಟರ್ನಲ್ಸ್ ಅಂಕ ಕೊಟ್ಟರೆ ಎರಡು ಪೇಪರಿಗೂ ಲಾಭ.

ಆಮೇಲೆ ನೀರು. ನೀರಿನಲ್ಲಿ ಕರಗಿರುವ ಲವಣದ ಒಟ್ಟು ಪ್ರಮಾಣ ತೋರಿಸುವ ಟಿಡಿಎಸ್ ಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಪಿಎಚ್ ಕಾಗದ ಕೆಮಿಸ್ಟ್ರಿ ಲ್ಯಾಬಿನಲ್ಲೇ ಇರುತ್ತದೆ. ಎಲ್ಲರೂ ಮಾಡುವ ತಪ್ಪೊಂದಿದೆ: ಟಿಡಿಎಸ್ ಕಡಿಮೆ ಬಂತು, ನೀರು ಒಳ್ಳೆಯದು ಅಂತ ಬರೆಯುವುದು. ನಮ್ಮ ಬೋರ್‌ವೆಲ್ ನೀರಿನ ದೊಡ್ಡ ಕಾಟ ಫ್ಲೋರೈಡ್, ಅದನ್ನು ಟಿಡಿಎಸ್ ಮೀಟರ್ ತೋರಿಸುವುದಿಲ್ಲ. ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಮಾನದಂಡದಲ್ಲಿ ಲೀಟರಿಗೆ 1 ಮಿಲಿಗ್ರಾಂ ಸ್ವೀಕಾರಾರ್ಹ, ಬೇರೆ ನೀರೇ ಇಲ್ಲದಿದ್ದರೆ 1.5 ಗರಿಷ್ಠ. ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಸಾಂದ್ರತೆ ಹೆಚ್ಚುತ್ತದೆ. ಸ್ಯಾಂಪಲ್ ತೆಗೆಯುವಾಗ ಬೋರ್‌ವೆಲ್ ಐದು ಹತ್ತು ನಿಮಿಷ ಓಡಲಿ, ಅದೇ ನೀರಿನಲ್ಲಿ ಬಾಟಲಿಯನ್ನು ಮೂರು ಸಲ ತೊಳೆಯಿರಿ, ಗಾಜಿನದು ಬೇಡ, ಪ್ಲಾಸ್ಟಿಕ್ ಬಾಟಲಿ ಇರಲಿ. ಮೇಲೆ ಊರು, ತಾರೀಖು, ಗಂಟೆ ಬರೆದು ಜಿಲ್ಲೆಯ ಕುಡಿಯುವ ನೀರಿನ ಪ್ರಯೋಗಾಲಯಕ್ಕೆ ಕಾಲೇಜಿನ ಪತ್ರದ ಜೊತೆ ಕೊಡಬೇಕು. ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ತುಂಬುತ್ತಿರುವ ಕೆರೆಯಾದರೆ ಕೇಳಬೇಕಾದ ಪ್ರಶ್ನೆಗಳು ಇನ್ನೂ ಬೇರೆ. ಎರಡನೇ ಹಂತದ ಶುದ್ಧೀಕರಣದಲ್ಲಿ ಏನು ಹೋಗುತ್ತದೆ, ಏನು ಉಳಿಯುತ್ತದೆ? ಸುತ್ತಲಿನ ಬೋರ್‌ವೆಲ್ಲುಗಳಲ್ಲಿ ನೀರು ಮೇಲೆ ಬಂದಿದೆಯೇ? ಇಲ್ಲಿ ಪರ, ವಿರೋಧ ಎರಡೂ ದನಿ ಕ್ಲಾಸಿನಲ್ಲೇ ಇರುತ್ತವೆ. ಇಬ್ಬರನ್ನೂ ಅಂಕಿ ತೋರಿಸಿ ಮಾತಾಡುವ ಹಾಗೆ ಮಾಡುವುದೇ ಪಾಠ.

ಒಂದು ವಾರ ಕಾಲೇಜಿನ ತಾರಸಿಗೆ ಇಡಿ. 800 ಚದರ ಮೀಟರ್ ತಾರಸಿ, ವರ್ಷಕ್ಕೆ ಸುಮಾರು 750 ಮಿಲಿಮೀಟರ್ ಮಳೆ. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಅಂದರೆ ಒಂದು ಲೀಟರ್, ಹಾಗಾಗಿ ಆರು ಲಕ್ಷ ಲೀಟರ್. ಐದರಲ್ಲಿ ಒಂದು ಪಾಲು ಪೋಲಾಗಲಿ, 4.8 ಲಕ್ಷ. ಐದು ಸಾವಿರ ಲೀಟರಿನ ಟ್ಯಾಂಕರ್ ಆದರೆ 96 ಟ್ಯಾಂಕರ್. ಬೇಸಿಗೆಯಲ್ಲಿ ಟ್ಯಾಂಕರ್ ತರಿಸುವ ಕಾಲೇಜಿನ ಮಕ್ಕಳಿಗೆ ಈ ಅಂಕಿಗೆ ಮತ್ತೆ ವಿವರಣೆ ಬೇಡ.

ಸಂವಿಧಾನದ ಪೇಪರು ಇದೇ ಕೆರೆಯ ದಂಡೆಯಿಂದ ಶುರುವಾಗಬಹುದು. ಮಾಹಿತಿ ಹಕ್ಕು ಅರ್ಜಿಯನ್ನು ಪ್ರತಿಯೊಬ್ಬರೂ ಬರೆಯಲಿ. 2005ರ ಕಾಯ್ದೆ, 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಈ 150 ಪದದ ಮಿತಿ ನಾಗರಿಕರಿಗೆ ತೊಡಕೇ, ಆದರೂ ಬರವಣಿಗೆ ಕಲಿಸಲು ಇದಕ್ಕಿಂತ ಒಳ್ಳೆಯ ಅಳತೆಗೋಲು ಸಿಗುವುದಿಲ್ಲ. ಮೊದಲ ಸಲ ಬರೆದಾಗ ಹೆಚ್ಚಿನವರು ‘ಕೆರೆ ಯಾಕೆ ಹೂಳೆತ್ತಿಲ್ಲ?’ ಅಂತ ಕೇಳುತ್ತಾರೆ. ಅದು ಮಾಹಿತಿಯಲ್ಲ, ದೂರು. ಉತ್ತರವೂ ಹಾರಿಕೆಯದೇ ಬರುತ್ತದೆ. ದಾಖಲೆ ಕೇಳಬೇಕು: ‘ಇಂಥ ಸರ್ವೆ ನಂಬರಿನ ಕೆರೆಗೆ ಇಂಥ ವರ್ಷದಿಂದ ಇಂಥ ವರ್ಷದವರೆಗೆ ಹೂಳೆತ್ತಲು ಮಂಜೂರಾದ ಮೊತ್ತದ ಆದೇಶದ ಪ್ರತಿ, ಅಳತೆ ಪುಸ್ತಕದ ಪ್ರತಿ.’ ಯಾಕೆ ಬೇಕು ಅಂತ ಕಾರಣ ಬರೆಯಬೇಕಿಲ್ಲ, ಅಧಿಕಾರಿ ಕಾರಣ ಕೇಳುವಂತೆಯೂ ಇಲ್ಲ. ಯಾರಿಗೆ ಬರೆಯಬೇಕು ಅನ್ನುವುದೇ ಇನ್ನೊಂದು ಪಾಠ. ಅಚ್ಚುಕಟ್ಟು (ಕೆರೆಯ ನೀರು ಹರಿಯುವ ಜಮೀನು) 40 ಹೆಕ್ಟೇರ್ ಮೀರಿದ ಕೆರೆ ಸಣ್ಣ ನೀರಾವರಿ ಇಲಾಖೆಗೆ, ಅದಕ್ಕಿಂತ ಚಿಕ್ಕದು ಪಂಚಾಯತಿ ಕಡೆಗೆ. ತಪ್ಪು ಕಚೇರಿಗೆ ಹೋದರೂ ಐದು ದಿನದಲ್ಲಿ ಸರಿಯಾದ ಕಡೆಗೆ ಕಳಿಸುವುದು ಅವರ ಹೊಣೆ. ಸೆಮಿಸ್ಟರಿನ ನಾಲ್ಕನೇ ವಾರದಲ್ಲೇ ಅರ್ಜಿ ಹೋದರೆ ಹತ್ತನೇ ವಾರಕ್ಕೆ ಉತ್ತರ ಕೈಯಲ್ಲಿರುತ್ತದೆ, ಬಾರದಿದ್ದರೆ ಮೇಲ್ಮನವಿ ಹೇಗೆ ಅನ್ನುವುದು ಉಳಿದ ವಾರಗಳ ಪಾಠ. ತಡವಾಗಿ ಹಾಕಿದರೆ ಉತ್ತರ ಬರುವಷ್ಟರಲ್ಲಿ ಪರೀಕ್ಷೆ ಮುಗಿದು ಎಲ್ಲರೂ ಊರಿಗೆ ಹೋಗಿರುತ್ತಾರೆ.

ಗುಂಪು ಕೆಲಸದಲ್ಲಿ ಒಬ್ಬಳು ದುಡಿದು ಐವರು ಸಹಿ ಹಾಕುವುದು ಇದ್ದದ್ದೇ. ಅದಕ್ಕೆ ಮದ್ದು ತಲಾ ಎರಡು ನಿಮಿಷದ ಮಾತು. ‘ಕೋಡಿ ಯಾವ ಕಡೆಗಿದೆ, ಅದರ ಮುಂದಿನ ಊರು ಯಾವುದು?’ ಹೋಗದವನಿಗೆ ಉತ್ತರ ಬರುವುದಿಲ್ಲ. ಅರವತ್ತು ಜನರಿಗೆ ಎರಡೇ ಗಂಟೆ.

ಈಗ ವಿರೋಧದ ಮಾತಿಗೆ ಬರುತ್ತೇನೆ. ‘ಇದರಿಂದ ಕೆಲಸ ಸಿಗುತ್ತಾ ಸರ್?’ ಅನ್ನುವುದಕ್ಕೆ ಉತ್ತರ ಸುಲಭ: ನರಸಾಪುರದ ಕೈಗಾರಿಕಾ ಪ್ರದೇಶದಲ್ಲೋ ವಸಂತನರಸಾಪುರದ್ದರಲ್ಲೋ ಕೆಲಸಕ್ಕೆ ಸೇರಿದ ಮೊದಲ ತಿಂಗಳೇ ಪೇಸ್ಲಿಪ್‌ನಲ್ಲಿ ಪಿಎಫ್ ಶೇ. 12, ಇಎಸ್‌ಐ ಶೇ. 0.75 ಕಡಿತ ಕಾಣುತ್ತದೆ. ಅದು ಎಲ್ಲಿಗೆ ಹೋಯಿತು, ಹೇಗೆ ನೋಡಬೇಕು ಅಂತ ಅವನ ಮುಖ್ಯ ವಿಷಯದ ಯಾವ ಪೇಪರೂ ಹೇಳಿರುವುದಿಲ್ಲ. ಗಟ್ಟಿಯಾದ ಆಕ್ಷೇಪ ಬೇರೆ ಇದೆ. ಮನೆಯಲ್ಲಿ ಮೊದಲ ಬಾರಿಗೆ ಡಿಗ್ರಿ ಓದುತ್ತಿರುವವಳು, ಬೆಳಿಗ್ಗೆ ಹಾಲು ಕರೆದು ಡೇರಿಗೆ ಹಾಕಿ ಬಸ್ಸು ಹತ್ತುವವಳು. ಅವಳಿಗೆ ಒಂದು ಪೇಪರ್ ಹೆಚ್ಚಾಯಿತು ಅಂದರೆ ಒಂದು ಬ್ಯಾಕ್‌ಲಾಗಿನ ಸಾಧ್ಯತೆ ಹೆಚ್ಚಾಯಿತು. ಎಲ್ಲ ಮುಖ್ಯ ವಿಷಯ ಪಾಸಾಗಿ ಪರಿಸರ ಪೇಪರೊಂದರಿಂದ ಪದವಿ ಪತ್ರ ನಿಂತರೆ, ಕೆಲಸದ ಸಂದರ್ಶನಕ್ಕೆ ಬರಿಗೈಯಲ್ಲಿ ಹೋಗಬೇಕಾದವಳು ಅವಳು. ಕಡ್ಡಾಯದ ಪರ ಮಾತಾಡುವವರು ಇದನ್ನು ಮೊದಲು ಒಪ್ಪಿಕೊಳ್ಳಬೇಕು.

ಅದಕ್ಕೇ ಈ ಪೇಪರುಗಳಿಗೆ ಮೂರು ಗಂಟೆಯ ಸೆಮಿಸ್ಟರ್ ಪರೀಕ್ಷೆಯೇ ಬೇಡ ಅನ್ನುವುದು ನನ್ನ ಅಭಿಪ್ರಾಯ. ಕ್ಲಾಸಿಗೆ ಬಂದು ಲೆಕ್ಕ ಮಾಡಿ, ಅರ್ಜಿ ಬರೆದು, ಕೆರೆ ನೋಡಿ ಬಂದವರು ಪಾಸು. ಒಂದು ಕೆಲಸ ತಪ್ಪಿದರೆ ಅದೊಂದನ್ನು ಅದೇ ಸೆಮಿಸ್ಟರಿನಲ್ಲಿ ಮತ್ತೆ ಮಾಡಲು ಅವಕಾಶ. ಅಂಕವಿಲ್ಲದಿದ್ದರೆ ಯಾರೂ ಬರುವುದಿಲ್ಲ ಎನ್ನುವ ಮಾತಿನಲ್ಲಿ ಸತ್ಯವಿದೆ. ಹಾಗಾಗಿ ಮಾಡಿದ ಕೆಲಸಕ್ಕೆ ಅಂಕ ಇರಲಿ, ಪದವಿ ತಡೆಯುವ ಫೇಲ್ ಮಾತ್ರ ಬೇಡ.

ಹೊರೆಯನ್ನೂ ಇಳಿಸಬೇಕು. ಲೆಕ್ಕ ಮತ್ತು ಅಂಕಿಅಂಶ, ಕಾನೂನು ಮತ್ತು ಹಕ್ಕು, ನೀರು ಮತ್ತು ಆರೋಗ್ಯ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಒಂದು ಪುಟ ಸ್ಪಷ್ಟವಾಗಿ ಬರೆಯುವುದು. ಇವಿಷ್ಟೇ ಕಡ್ಡಾಯ ಇರಲಿ. ಐದನೇ ಕ್ಲಾಸಿನಿಂದ ಹೇಳಿಕೊಂಡು ಬಂದ ಆಹಾರ ಸರಪಳಿಯನ್ನು ಡಿಗ್ರಿಯಲ್ಲಿ ಮತ್ತೆ ಬರೆಸುವುದು ಬೇಡ. ಹೆಸರಿಗೆ ಓಪನ್ ಎಲೆಕ್ಟಿವ್, ಆದರೆ ಟೈಮ್‌ಟೇಬಲ್‌ಗೆ ಹೊಂದುತ್ತದೆ ಅಂತ ಇಡೀ ಸೆಕ್ಷನ್ನಿಗೆ ಒಂದೇ ವಿಷಯ ಕೊಡುವ ಪದ್ಧತಿಯೂ ಬೇಡ. ಎಂಜಿನಿಯರಿಂಗ್ ಕಾಲೇಜುಗಳದು ಇನ್ನೂ ತೆಳು: 160 ಕ್ರೆಡಿಟ್ಟಿನಲ್ಲಿ ಸಂವಿಧಾನಕ್ಕೊಂದು, ಕನ್ನಡಕ್ಕೊಂದು, ಕೊನೆಗೆ ಗುರುತು ಹಾಕುವ ಪರೀಕ್ಷೆ. ಅಷ್ಟು ಚೂರು ಚೂರಾಗಿ ಕೊಡುವ ಬದಲು ಇಂಥ ಬಿಡಿ ಕ್ರೆಡಿಟ್‌ಗಳನ್ನು ಒಟ್ಟು ಹಾಕಿ ಒಂದೇ ಗಟ್ಟಿ ಪೇಪರ್ ಮಾಡಿದರೆ ಒಬ್ಬ ಮೇಷ್ಟ್ರಿಗೆ ಅದು ಪೂರ್ತಿ ಕೆಲಸವಾಗುತ್ತದೆ.

ಸಿಲಬಸ್ ಬದಲಿಸಲು ವಿಶ್ವವಿದ್ಯಾಲಯ ಬೇಕು, ಆದೇಶ ಬೇಕು. ಕೆಲವನ್ನು ಕಾಲೇಜೇ ಮಾಡಬಹುದು. ಈ ಪೇಪರನ್ನು ಮೂರು ವರ್ಷ ಒಬ್ಬರಿಗೇ ಕೊಡುವುದು, ಸೆಕ್ಷನ್ ಕ್ಲಬ್ ಮಾಡದಿರುವುದು, ಇಂಟರ್ನಲ್ಸ್‌ನ ಅಸೈನ್‌ಮೆಂಟಿಗೆ ಊರಿನ ಕೆರೆಯನ್ನೇ ಕೊಡುವುದು, ಇದಕ್ಕೆಲ್ಲ ಪ್ರಿನ್ಸಿಪಾಲರ ಸಹಿ ಸಾಕು. ಟೈಮ್‌ಟೇಬಲ್ ಬರೆಯುವುದೂ ಕಾಲೇಜಿನ ಸ್ಟಾಫ್‌ರೂಮಿನಲ್ಲೇ. ಮುಂದಿನ ಸೆಮಿಸ್ಟರಿಗೆ ಆ ಹಾಳೆ ಹಾಕಿಕೊಂಡು ಕೂತಾಗ ಸಂವಿಧಾನವನ್ನು ಬೆಳಗಿನ ಎರಡನೇ ಪೀರಿಯಡ್‌ಗೆ ತನ್ನಿ. ಶ್ರೀನಿವಾಸಪುರದ ಬಸ್ಸಿನವರು ಆ ಹೊತ್ತಿಗೆ ಬಂದು ಕೂತಿರುತ್ತಾರೆ.